ಹನ್ನೊಂದಿದ್ದಲ್ಲಿ ನೂರು

ಇಟಿಕ್ಯಾಲ,
9 ಆಗಸ್ಟ್ 2025

ಹರಿತಾ,

ನಿನ್ನ ಅವ್ವ ಆ ದಿನ ಮಲಗಿರಲಿಲ್ಲ. ಅವಳು ವಾಚನ್ನು ಬಂದ್ ಮಾಡಿರಲೂ ಇಲ್ಲ. ಅದು ತಾನಾಗಿ ಸತ್ತಿತ್ತು, ಸತ್ತದ್ದು ನನ್ನಿಂದ. ಒಂದು ವರ್ಷದಿಂದ ಇದನ್ನು ಮುಚ್ಚಿಟ್ಟುಕೊಂಡಿದ್ದೇನೆ.

ಅಂದು ಅವ್ವನ ವಿರುದ್ಧ ಮಾತಾಡಿದೆನೆಂದು ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ಎರಡನೇ ಮಾತಿಗೇ ನೀನು ಬಯ್ಯುತ್ತಿದ್ದೆ, ಮೂರನೆಯದನ್ನು ನಾನು ನುಂಗಿಬಿಡುತ್ತಿದ್ದೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಮೇಸ್ತ್ರಿ ಆಂಜನೇಯುಲು ತನ್ನ ಬೀಜಹತ್ತಿ ಹೊಲದಲ್ಲಿ ನಲವತ್ತೆರಡು ಹೆಂಗಸರ ಕೈಗೆ ವಾಚು ಕಟ್ಟಿದ್ದ ಎಂಬುದು ನಿನಗೆ ಗೊತ್ತು. ಆಗ ನನ್ನ ಕೆಲಸವೇನಿತ್ತೆಂದು ಗೊತ್ತಿರಲಿಕ್ಕಿಲ್ಲ. ಸಂಜೆ ಆ ವಾಚುಗಳನ್ನೆಲ್ಲ ಬಿಚ್ಚಿಸಿಕೊಂಡು ಶೆಡ್ಡಿನಲ್ಲಿ ಚಾರ್ಜಿಗೆ ಹಾಕುವುದು. ಬೆಳಿಗ್ಗೆ ಒಂದೊಂದನ್ನೂ ನೋಡಿ, ಎಷ್ಟು ತುಂಬಿದೆ ಎಂದು ಪುಸ್ತಕದಲ್ಲಿ ಬರೆದು, ತಿರುಗಿ ಕಟ್ಟುವುದು. ಕೈ ಎಷ್ಟು ಆಡಿತು, ಹೆಂಗಸು ಯಾವ ಸಾಲಿನಲ್ಲಿದ್ದಾಳೆ ಎಂಬುದೆಲ್ಲ ಅವನ ಫೋನಿಗೆ ಹೋಗುತ್ತದೆ. ವಾಚು ಸತ್ತರೆ ಆ ಹೆಂಗಸು ಹೊಲದಲ್ಲಿ ಇಲ್ಲವೆಂದೇ ಅರ್ಥ.

ಹೋದ ವರ್ಷ ಆಗಸ್ಟ್ ಇಪ್ಪತ್ತೊಂದರ ಸಂಜೆ ಇಬ್ಬರು ಗೆಳೆಯರು ಬೈಕು ತಂದು ಶೆಡ್ಡಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಿದ್ದರು. ಜುರಾಲ ಆಣೆಕಟ್ಟಿಗೆ ಹೋಗಿ ಮೀನು ತಿನ್ನುವುದೆಂದು ಮಾತಾಗಿತ್ತು. ನಾನು ವಾಚುಗಳನ್ನು ಚಾರ್ಜರುಗಳ ಮೇಲೆ ಬಡಬಡ ಇಟ್ಟೆ. ವಾಚಿನ ಬೆನ್ನಿಗೆ ಎರಡು ಹಿತ್ತಾಳೆ ಬಣ್ಣದ ಚುಕ್ಕೆಗಳಿರುತ್ತವೆ. ಚಾರ್ಜರಿನ ಅಯಸ್ಕಾಂತ ಅಲ್ಲಿ ಕಚ್ಚಬೇಕು. ಇಪ್ಪತ್ತೇಳನೇ ನಂಬರು, ನಿನ್ನ ಅವ್ವನದು, ಎಂದೂ ಸರಿಯಾಗಿ ಕಚ್ಚುತ್ತಿರಲಿಲ್ಲ. ನಿಮ್ಮ ಅಪ್ಪ ಹೋಗಿ ಬಳೆ ತೆಗೆಸಿದ ಮೇಲೆ ಮುಂಗೈ ಬರಿದಿರಬಾರದೆಂದು ಅವಳು ದಿನಾ ಸ್ನಾನ ಮಾಡಿ ಎರಡೂ ಮುಂಗೈಗೆ ವಿಭೂತಿ ಹಚ್ಚುತ್ತಾಳಲ್ಲ? ಅದರ ಮೇಲೇ ವಾಚು ಕಟ್ಟಿಕೊಳ್ಳುತ್ತಿದ್ದಳು. ಬೂದಿಯೂ ಬೆವರೂ ಕೂಡಿ ಆ ಚುಕ್ಕೆಗಳ ಮೇಲೆ ಸುಣ್ಣದಂತೆ ಗಟ್ಟಿಯಾಗುತ್ತಿತ್ತು. ಒಣಬಟ್ಟೆಯಿಂದ ಒರೆಸಿದರೆ ಅರ್ಧ ನಿಮಿಷದ ಕೆಲಸ. ಒರೆಸಬೇಕಾದವನು ನಾನು. ಮೀನು ತಿನ್ನಲು ಹೋಗುವ ಕೈಯಿಂದ ಮಂದಿಯ ಬೆವರಿನ ಕೊಳೆ ಮುಟ್ಟಲು ನನಗೆ ಹೇಸಿಗೆಯಾಯಿತು. ಹಾಗೇ ಇಟ್ಟು ಹೋದೆ.

ಬೆಳಿಗ್ಗೆ ತಡವಾಗಿ ಎದ್ದೆ. ಒಂದನ್ನೂ ನೋಡದೆ ಮೇಲಿನಿಂದ ಕೆಳಗಿನವರೆಗೆ ನೂರು, ನೂರು, ನೂರು ಎಂದು ಬರೆದೆ. ನಿನ್ನ ಅವ್ವನಿಗೆ ಕಟ್ಟುವಾಗ ಗುಂಡಿ ತಾಗಿ ಅಂಕಿ ಕಂಡಿತು: ಹನ್ನೊಂದು. ಪುಟ ಚೊಕ್ಕವಾಗಿತ್ತು. ಹೊಡೆದುಹಾಕಲು ಮನಸ್ಸಾಗಲಿಲ್ಲ.

ಒಂಬತ್ತು ನಲವತ್ತಕ್ಕೆ ವಾಚು ಸತ್ತಿತು. ಅವಳಿಗೆ ತಿಳಿಯಲಿಲ್ಲ. ಬ್ಯಾಟರಿ ಉಳಿಯಲೆಂದು ತೆರೆ ಯಾವಾಗಲೂ ಕಪ್ಪಗಿರುವಂತೆ ನಾನೇ ಮಾಡಿಟ್ಟಿದ್ದೆ. ಸತ್ತ ವಾಚಿನದೂ ಬದುಕಿದ ವಾಚಿನದೂ ಒಂದೇ ಮುಖ.

ಊಟದ ಹೊತ್ತಿಗೆ ಬೇವಿನ ಗಿಡದ ಕೆಳಗೆ ಆಂಜನೇಯುಲು ಎಲ್ಲರೆದುರು ಕೇಳಿದ: "ಏನ್ ಮೊಗುಲಮ್ಮ, ಎರಡೂವರಿ ತಾಸು ಯಾವ ಗಿಡದ ಬುಡಕ ಮಲಗಿದ್ದಿ?"

"ಎಲ್ಲಿ ಮಲಗೀನ್ರೀ? ಸಾಲಿನಾಗ ಇದ್ದೆ."

"ವಾಚ್ ಬಂದ್ ಐತಿ."

"ಬಂದ್ ಮಾಡಾಕ ನನಗೇನ್ ಬರತೈತ್ರೀ?"

ಅವನು ನನ್ನ ಕಡೆ ತಿರುಗಿದ. "ಮುಂಜಾನಿ ಎಷ್ಟಿತ್ತಲೇ ಇದು?"

"ನೂರ್ರಿ" ಎಂದೆ.

"ನೂರಿದ್ದದ್ದು ತಾನ ಹ್ಯಾಂಗ ಸಾಯತೈತಿ? ಬಂದ್ ಮಾಡಿ ನಿದ್ದಿ ಹೊಡದಾಳ, ಕೆಲಸಗಳ್ಳಿ!"

ಅವನೇ ಅವಳ ಕೈಯಿಂದ ವಾಚು ಕಿತ್ತುಕೊಂಡ. ಅದಿದ್ದ ಜಾಗದಲ್ಲಿ ಬೂದಿಯ ಬಿಳಿ ಚೌಕವಿತ್ತು. ಅವಳು ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಹೊಲ ದಾಟಿ ಹೋದಳು. ನಾನು ಡಬ್ಬಿ ಬಿಚ್ಚಿ ಉಂಡೆ.

ಇಷ್ಟೇ.

ಮಲ್ಲೇಶ


ನಾರಾಯಣಪೇಟೆ,
20 ಆಗಸ್ಟ್ 2025

ಮಲ್ಲೇಶ,

ಕಾಗದ ಬಂದಾಗ ಮಗ್ಗದ ಮುಂದಿದ್ದೆ. ಓದಿದ ಮೇಲೆ ಒಂದು ಗೇಣು ಸೀರೆಯಂಚು ತಪ್ಪಾಗಿ ನೇಯ್ದು, ಬಿಚ್ಚಿ, ಮತ್ತೆ ನೇಯ್ದೆ.

ಹತ್ತನೇ ಪರೀಕ್ಷೆಯಲ್ಲಿ ಮೇಷ್ಟ್ರೊಬ್ಬರು ಉತ್ತರಗಳನ್ನು ಹಲಗೆಯ ಮೇಲೆ ಬರೆದುಕೊಟ್ಟಾಗ "ನನಗ ಬ್ಯಾಡ್ರಿ" ಎಂದು ಎದ್ದು ಹೋದವನು ನೀನು. ಆಮೇಲೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮಕ್ತಲ್‌ನ ಹುಡುಗರೆಲ್ಲ "ಸತ್ಯದ ಗಿರಾಕಿ ಬಂದ" ಎಂದು ನಕ್ಕಾಗ ನಗದವಳು ನಾನೊಬ್ಬಳೇ. ನಮ್ಮ ಅವ್ವ ಒಬ್ಬಳೇ ನಿನ್ನನ್ನು ಕೂರಿಸಿ ರೊಟ್ಟಿ ಹಾಕಿದವಳು. ಆ ಸತ್ಯ ಅವತ್ತು ಎಲ್ಲಿಗೆ ಹೋಗಿತ್ತು?

ಅವ್ವ ಮೊದಲ ಒಂದು ತಿಂಗಳು ಕೂಗಾಡಿದಳು. ಇಟಿಕ್ಯಾಲದಿಂದ ವಡ್ಡೆಪಲ್ಲಿಯವರೆಗೆ ಯಾವ ಮೇಸ್ತ್ರಿಯೂ ಕರೆಯಲಿಲ್ಲ. "ಮಲಗೋ ಮೊಗುಲಮ್ಮ" ಎಂಬ ಹೆಸರು ಅವಳಿಗಿಂತ ಮುಂಚೆ ಹೊಲ ತಲುಪುತ್ತಿತ್ತು. ಆಮೇಲೆ ಸುಮ್ಮನಾದಳು. ಈಗ ನಾನು ಭಾನುವಾರ ಮಕ್ತಲ್‌ಗೆ ಹೋದಾಗ ಅವಳೇ ಕೇಳುತ್ತಾಳೆ: "ನನಗ ನಿದ್ದಿ ಹತ್ತಿತ್ತೇನೋ ಯವ್ವಾ? ನನ್ನ ಕೈನ ಏನರ ಒತ್ತಿತೇನೋ?"

ನಿನ್ನ ಕಾಗದವನ್ನು ಅವಳಿಗೆ ಓದಿಲ್ಲ. ನಿನ್ನ ಹೊಟ್ಟೆಯೊಳಗಿನ ಹೊಲಸನ್ನು ಕಾರಿಕೊಳ್ಳಲು ನಮ್ಮ ಮನೆ ಬಚ್ಚಲಲ್ಲ.

ಜುರಾಲದ ಮೀನು ರುಚಿಯಾಗಿತ್ತೆ?

ಹರಿತಾ


ಇಟಿಕ್ಯಾಲ,
28 ಆಗಸ್ಟ್ 2025

ಹರಿತಾ,

ಮೀನು ರುಚಿಯಾಗಿತ್ತು. ಕೇಳಿದ್ದೀಯ, ಅದಕ್ಕೆ ಹೇಳುತ್ತಿದ್ದೇನೆ.

ಆ ದಿನದಿಂದ ನಾನು ಒಂದು ವಾಚನ್ನೂ ಒರೆಸದೆ ಚಾರ್ಜಿಗೆ ಇಟ್ಟಿಲ್ಲ. ಒಣಬಟ್ಟೆ, ಕೊಳೆ ಬಿಡದ ಚುಕ್ಕೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ನೀರು ತಾಗಿಸುವುದಿಲ್ಲ. ಫೋನಿನ ಜೋರು ಚಾರ್ಜರನ್ನು ಹತ್ತಿರ ತರುವುದಿಲ್ಲ. ತಗಡಿನ ಮಾಡಿನ ಕೆಳಗೆ ಕಾದುಹೋಗುತ್ತವೆಂದು ಶೆಡ್ಡಿನಿಂದ ತೆಗೆದು ನೀರಿನ ಗಡಿಗೆಗಳಿರುವ ಕಲ್ಲುಕೋಣೆಗೆ ಸಾಗಿಸಿದೆ. ಎಂಬತ್ತು ದಾಟಿದರೆ ತೆಗೆಯುತ್ತೇನೆ, ಇಪ್ಪತ್ತಕ್ಕೆ ಇಳಿಯಲು ಬಿಡುವುದಿಲ್ಲ, ಬೆಳಗಿನವರೆಗೆ ಚಾರ್ಜಿನಲ್ಲಿ ಕೊಳೆಯಲು ಹಾಕುವುದಿಲ್ಲ. ಪಕ್ಕದ ಹೊಲದ ವಾಚುಗಳು ಒಂದು ದಿನಕ್ಕೆ ಸಾಯುತ್ತವೆ, ನಮ್ಮವು ಮೂರು ದಿನ ಬಾಳುತ್ತವೆ.

ಇದನ್ನು ಹೆಮ್ಮೆಗೆ ಬರೆಯುತ್ತಿಲ್ಲ. ಇದರಿಂದ ಏನಾಯಿತು ಕೇಳು.

"ಎಂಥಾ ಪೋರನಪಾ ಇವ! ಬ್ಯಾಟ್ರಿಗೆ ಹಡದ ತಾಯಿ ಇದ್ದಂಗ!" ಎಂದು ಆಂಜನೇಯುಲು ನನ್ನ ಬೆನ್ನು ತಟ್ಟಿದ. ಮರುದಿನದಿಂದ ಹೊಸ ಕಾಯಿದೆ: ಮೂರು ದಿನ ಬಾಳುವ ವಾಚನ್ನು ದಿನಾ ಬಿಚ್ಚುವುದೇಕೆ? ಮನೆಗೂ ಕಟ್ಟಿಕೊಂಡೇ ಹೋಗಲಿ, ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ ಎಂಬುದೂ ತಿಳಿಯಲಿ. ನಾನು ಬ್ಯಾಟರಿ ಉಳಿಸಿದಷ್ಟೂ ಅವನ ಹಗ್ಗ ಉದ್ದವಾಯಿತು. ಈಗ ಪಟ್ಟಿಯ ಕೆಳಗೆ ಹೆಂಗಸರ ಚರ್ಮ ನೀರಲ್ಲಿ ನೆನೆದ ಕಾಗದದಂತೆ ಬೆಳ್ಳಗೆ ಸುಲಿದಿದೆ. ಮೂರು ದಿನಕ್ಕೊಮ್ಮೆ ಬಿಚ್ಚಿಸಿಕೊಂಡಾಗ ಕೊಳೆತ ವಾಸನೆ ಬರುತ್ತದೆ. ಅದು ಅವರ ವಾಸನೆಯಲ್ಲ, ನನ್ನ ಕೆಲಸದ್ದು.

ಊಟದ ಹೊತ್ತಿಗೆ ಅವನು ಫೋನು ನೋಡಿ ಓದುತ್ತಾನೆ: "ಚನ್ನವೀರಮ್ಮ, ಮುಂಜಾನಿಂದ ಐದು ಸಲ ಬದುವಿನಾಚಿ ಹೋಗ್ಯಾಳ. ಹೊಟ್ಟಿ ಕೆಟ್ಟೈತೇನವಾ?" ಇಬ್ಬರು ಹುಡುಗಿಯರು ನಕ್ಕರು. ಚನ್ನವೀರಮ್ಮ ಎಂದರೆ ನನ್ನ ಅಜ್ಜಿಯ ವಯಸ್ಸಿನವಳು. ತುತ್ತು ಕೈಯಲ್ಲೇ ಇತ್ತು. ಡಬ್ಬಿಯ ಮುಚ್ಚಳ ಹಾಕಿ ಎದ್ದುಹೋದಳು.

ಒಂದು ಸಲ ಮಾತ್ರ ನಗು ಬಂತು. ನಿನ್ನ ಅವ್ವನ ಜೋಡಿ ಸಾಲಿನವಳು, ಕಿಷ್ಟಮ್ಮ, ಇಬ್ಬರು ಬಾಣಂತಿಯರು ಸ್ವಲ್ಪ ಹೊತ್ತು ಅಡ್ಡಾಗಲೆಂದು ಅವರ ವಾಚುಗಳನ್ನೂ ತನ್ನ ಕೈಗೇ ಕಟ್ಟಿಕೊಂಡಿದ್ದಳು. "ಮೂರೂ ಮಂದಿ ಒಂದ ಹೆಜ್ಜಿ ಹ್ಯಾಂಗ ಇಟ್ಟಾರ?" ಎಂದು ಆಂಜನೇಯುಲು ಫೋನನ್ನು ತಿರುಗಾ ಮುರುಗಾ ಮಾಡಿ ನೋಡಿದ. "ಅವರೊಳಗ ಭಾಳ ಒಗ್ಗಟ್ಟೈತಿ ಬಿಡ್ರೀ" ಎಂದಳು ಕಿಷ್ಟಮ್ಮ.

ಮೊಗುಲವ್ವನನ್ನು ತಿರುಗಿ ಕರೆಯಿರಿ ಎಂದು ನಿನ್ನೆ ಅವನನ್ನು ಕೇಳಿದೆ. "ಆ ಮಲಗೋ ಮುದುಕೀನ? ಬ್ಯಾಡ" ಎಂದ. ನಿಜ ಹೇಳದೆ ಹೋಗಿ ವಾಚು ಒರೆಸುತ್ತ ಕೂತೆ.

ಇದನ್ನೂ ಬರೆಯದಿದ್ದರೆ ಮತ್ತೆ ನೂರು ಎಂದು ಬರೆದಂತೆ.

ಮಲ್ಲೇಶ


ಇಟಿಕ್ಯಾಲ,
15 ಸೆಪ್ಟೆಂಬರ್ 2025

ಹರಿತಾ,

ನಿನ್ನ ಉತ್ತರವಿಲ್ಲ. ಇರಲಿ.

ಹೋದ ವರ್ಷದ ಪುಸ್ತಕ ಔಷಧಿಯ ಖಾಲಿ ಡಬ್ಬಗಳ ಹಿಂದೆ ಸಿಕ್ಕಿತು. ಆ ದಿನದ ಹಾಳೆಯನ್ನು ಹರಿದು ಇದರೊಳಗೆ ಇಟ್ಟಿದ್ದೇನೆ. ನಲವತ್ತೆರಡು ನೂರುಗಳು. ಒಂದೇ ಓರೆ, ಒಂದೇ ಉಸಿರು. ಬೇರೆ ಯಾವ ದಿನದ ಹಾಳೆಯೂ ಹೀಗಿಲ್ಲ. ತೊಂಬತ್ತಾರು, ಎಂಬತ್ತೆಂಟು, ಏನೇನೋ ಇವೆ. ಕಣ್ಣಿದ್ದವರು ಯಾರಾದರೂ ಅಂದು ಇದನ್ನು ನೋಡಿದ್ದರೆ, ಬರೆದವನು ವಾಚನ್ನೇ ನೋಡಿಲ್ಲ ಎಂದು ಹೇಳುತ್ತಿದ್ದರು. ಯಾರೂ ನೋಡಲಿಲ್ಲ.

ಅವ್ವನಿಗೆ ತೋರಿಸು. ಇಲ್ಲವೇ ಒಲೆಗೆ ಹಾಕು.

ಮಲ್ಲೇಶ


ಮಕ್ತಲ್,
28 ಸೆಪ್ಟೆಂಬರ್ 2025

ಮಲ್ಲ್ಯಾ,

ಹೇಳಾಕಿ ಮೊಗುಲಮ್ಮ, ಬರಿಯಾಕಿ ಹರಿತಾ. ನಾ ಹೇಳಿದ್ದನ್ನ ಚೊಲೋ ಮಾಡಿ ತಿದ್ದಬ್ಯಾಡ ಅಂತ ಆಕಿಗೆ ಆಣಿ ಹಾಕೀನಿ.

ಹಾಳಿ ನೋಡಿದೆ. ನನಗ ಓದಾಕ ಬರಂಗಿಲ್ಲ. ಆದ್ರ ಒಂದು ಕೋಲು ಎರಡು ಸೊನ್ನಿ, ಒಂದು ಕೋಲು ಎರಡು ಸೊನ್ನಿ, ಅದು ಕಾಣತೈತಿ. ನನ್ನದು ಯಾವುದು ಅಂತ ಹರಿತಾ ಬೆರಳಿಟ್ಟು ತೋರಿಸಿದಳು. ಅದಕ್ಕೂ ಉಳಿದದ್ದಕ್ಕೂ ಏನೂ ಫರಕ್ ಇಲ್ಲ.

ವಾಚ್ ಕೆಟ್ಟದ್ದಕ್ಕ ನನಗ ಸಿಟ್ಟಿಲ್ಲ. ಮೀನು ತಿಂದದ್ದಕ್ಕೂ ಇಲ್ಲ, ಹುಡುಗರು ತಿಂತಾರ. ಒಂದು ವರ್ಷ ನನ್ನ ಕಣ್ಣನ್ನ ನಾನ ನಂಬಲಿಲ್ಲಲೋ. ಒಲಿ ಮ್ಯಾಲ ಹಾಲು ಉಕ್ಕಿದ್ರ "ನಾ ನೋಡಕೋತ ಕುಂತಿದ್ನೋ, ನಿದ್ದಿ ಮಾಡಿದ್ನೋ" ಅಂತ ಮಗಳನ್ನ ಕೇಳೀನಿ. ನನಗ ಹುಚ್ಚು ಹಿಡೀತು ಅಂತ ಓಣಿ ಮಂದಿ ಅಂದ್ರು. ಅದನ್ನ ಯಾವ ಬಟ್ಟಿಲೆ ಒರಸ್ತಿ?

ವಿಭೂತಿಲಿಂದ ವಾಚ್ ಕೆಟ್ಟಿತು ಅಂತ ಬರದೀದಿ. ವಿಭೂತಿದು ತಪ್ಪಲ್ಲ. ಒರಸಲಾರದ ಕೈದು ತಪ್ಪು. ನನ್ನ ಬೆವರು ಮುಟ್ಟಾಕ ಹೇಸಿಗಿ ಬಂತಂತ ನಿನಗ. ನೂರು ಅಂತ ಬರಿಯೋವಾಗ ಆ ಕೈಗೆ ಹೇಸಿಗಿ ಬರಲಿಲ್ಲೇನು?

ನನ್ನ ಮನಿಗೆ ಬರಬ್ಯಾಡ. ಕಾಲು ಬೀಳಬ್ಯಾಡ. ನೀ ಇಲ್ಲಿ ಬಂದು ಅತ್ತರ ನನ್ನ ಹೆಸರು ಚೊಕ್ಕ ಆಗಂಗಿಲ್ಲ. ಎಲ್ಲಿ ನನ್ನ ಕಳ್ಳಿ ಅಂದರೋ ಅಲ್ಲೇ ಹೇಳು. ಅದ ಬೇವಿನ ಗಿಡ, ಅದ ಊಟದ ಹೊತ್ತು, ಎಲ್ಲಾರೂ ಕುಂತಾಗ, ನನ್ನ ಹೆಸರು ಹಿಡದು ಹೇಳು. ಕಿಷ್ಟಮ್ಮ ಇರಬೇಕು. ಆಕಿ ನನ್ನ ಜೋಡಿ. ಒಂದ ಸಾಲಿನಾಗ ಆಕಡಿಂದ ಆಕಿ, ಈಕಡಿಂದ ನಾನು. ಹೂವಿಗೆ ಹೂವು ಮುಟ್ಟಿಸಿದ ಮ್ಯಾಲ ಗುರ್ತಿಗೆ ದಾರ ಕಟ್ಟತೀವಿ. ನಾ ಎಡಚಿ, ನನ್ನ ಗಂಟು ತಿರುಗಾ ಬೀಳತೈತಿ, ಹೊಲಕ್ಕೆಲ್ಲ ಗೊತ್ತು. ಆಕಿನ್ನ ಕೇಳು: ಆ ದಿನ ನನ್ನ ಗಂಟು ಎಲ್ಲಿತನ ಇದ್ದುವು ಅಂತ.

ಇಷ್ಟು ಮಾಡು. ಮಾಡದಿದ್ರ ಇನ್ನ ಕಾಗದ ಹಾಕಬ್ಯಾಡ.

ಮೊಗುಲಮ್ಮ
ಹೆಬ್ಬೆಟ್ಟು ಒತ್ತೀನಿ, ನೋಡಕೋ


ಇಟಿಕ್ಯಾಲ,
7 ಅಕ್ಟೋಬರ್ 2025

ಮೊಗುಲವ್ವಾ,

ನಿನ್ನೆ ಹೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹರಿತಾ, ಅವ್ವನಿಗೆ ಓದಿ ಹೇಳು.

ಎಲ್ಲರೂ ಡಬ್ಬಿ ಬಿಚ್ಚಿದ್ದರು. ಆಂಜನೇಯುಲು ಫೋನು ತೆಗೆಯುವ ಮುಂಚೆ ನಾನು ಎದ್ದು ನಿಂತೆ. "ಹೋದ ವರ್ಷ ಇಲ್ಲೇ ಮೊಗುಲಮ್ಮನ್ನ ಕೆಲಸಗಳ್ಳಿ ಅಂದ್ರಿ. ಆಕಿ ವಾಚ್ ಬಂದ್ ಮಾಡಿದ್ದಿಲ್ಲ. ಹನ್ನೊಂದಿತ್ತು. ನಾ ನೋಡಿ ನೂರು ಅಂತ ಸುಳ್ಳು ಹೇಳಿದೆ" ಎಂದೆ.

ಯಾರಾದರೂ ಕೂಗುತ್ತಾರೆ, ಕಲ್ಲು ಎಸೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೆರಗಾಗಲೂ ಇಲ್ಲ. ಒಬ್ಬಳು ಉಪ್ಪಿನಕಾಯಿ ಕೇಳಿದಳು, ಇನ್ನೊಬ್ಬಳು ಕೊಟ್ಟಳು.

ನಾನು ಕಿಷ್ಟಮ್ಮನ ಮುಂದೆ ಹೋಗಿ ನಿಂತು ನೀನು ಹೇಳಿದ್ದನ್ನೇ ಕೇಳಿದೆ. ಅವಳು ರೊಟ್ಟಿ ಮುರಿದಳು.

"ಸಾಲಿನ ತುದಿತನ ಇದ್ದುವು" ಎಂದಳು. "ಊಟಕ್ಕ ಕರದಾಗ ಆಕಿ ಕೊನೀ ಗಿಡದಾಗ ಗಂಟು ಹಾಕಲಿಕ್ಕೆ ಹತ್ತಿದ್ದಳು. ನನ್ನ ಎದುರಿಗೇ."

"ಮತ್ತ ಯಾಕ ಹೇಳಲಿಲ್ಲ ದೊಡ್ಡವ್ವಾ?"

"ವಾಚ್ ಹೇಳಿತಲ್ಲೋ! ನನ್ನ ಕಣ್ಣ ಮಾತು ಯಾರು ಕೇಳ್ತಾರ ಅಂದ್ಕೊಂಡೆ. ಮತ್ತ ಅಂಜಿಕಿ. ಇವತ್ತು ಆಕಿ ವಾಚು, ನಾಳಿ ನಂದು." ರೊಟ್ಟಿಯನ್ನು ಡಬ್ಬಿಗೇ ಹಾಕಿದಳು. "ನಾನಷ್ಟ ಅಲ್ಲ. ಆ ಕಡಿ ಸಾಲಿನವರೂ ನೋಡ್ಯಾರ. ಕೇಳು ಎಲ್ಲಾರನ್ನೂ. ಎಲ್ಲಾರೂ ನೋಡೀವಿ."

ಯಾರೂ ತಲೆಯೆತ್ತಲಿಲ್ಲ. ಹಾಗಾದರೆ ನಾನೊಬ್ಬನೇ ಅಲ್ಲ ಎಂದು ಒಂದು ಕ್ಷಣ ನನಗೆ ಹಗುರಾಯಿತು. ಆ ಹಗುರಕ್ಕೇ ಆಮೇಲೆ ನಾಚಿಕೆಯಾಯಿತು.

ಆಂಜನೇಯುಲು ಹಲ್ಲಿನ ಸಂದಿಯಿಂದ ಏನನ್ನೋ ತೆಗೆದು ಉಗುಳಿದ. "ಅಯಿಪಾಯೆ ಕದರಾ! ಮುಗದ ಕಥಿ. ಸಂಜಿಗೆ ಹೊತ್ತಿಗೆ ಸರಿಯಾಗಿ ಚಾರ್ಜ್ ಹಾಕು. ದೀಪಾವಳಿ ಆದ ಮ್ಯಾಲ ನಿನ್ನ ವಡ್ಡೆಪಲ್ಲಿಗೆ ಕಳಸ್ತೀನಿ. ಅಲ್ಲಿ ಇನ್ನೂರು ವಾಚ್ ಅದಾವು, ಎಲ್ಲಾ ಹೊಲಸೆದ್ದು ಹೋಗ್ಯಾವು."

ತಪ್ಪಿಲ್ಲದವಳನ್ನು ಸುಳ್ಳಿಗೆ ಓಡಿಸಿದ. ತಪ್ಪು ಮಾಡಿದವನು ನಿಜ ಹೇಳಿದರೆ ಇನ್ನೂರು ವಾಚು ಕೊಡುತ್ತಾನೆ. ಬ್ಯಾಟರಿ ಬಾಳಿಸುವವನು ಅವನಿಗೆ ಬೇಕು. ಉಳಿದದ್ದು ಬೇಡ.

"ಮೊಗುಲಮ್ಮನ್ನ ಕರಸ್ರಿ" ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಆಗ ಕಿಷ್ಟಮ್ಮ ವಾಚು ಬಿಚ್ಚಿ ಅವನ ಮುಂದಿನ ಕಲ್ಲಿನ ಮೇಲೆ ಇಟ್ಟಳು. "ನನ್ನ ಜೋಡಿ ಬರೋತನ ನನಗೂ ನಿದ್ದಿ ಬಂದೈತಿ ಅಂತ ಬರಕೋರಿ" ಎಂದಳು. ಚನ್ನವೀರಮ್ಮನೂ ಇಟ್ಟಳು. ಮತ್ತೆ ಯಾರೂ ಇಡಲಿಲ್ಲ. ನಲವತ್ತೊಂದರಲ್ಲಿ ಎರಡು. ಆದರೆ ಹತ್ತಿ ಒಡೆಯುವ ಹೊತ್ತು, ಕೈ ಸಾಲದು. ಅವನು ಆ ಎರಡು ವಾಚುಗಳನ್ನೇ ನೋಡುತ್ತ ಕುಳಿತಿದ್ದು, ಕೊನೆಗೆ, "ಬರಲಿ. ಕಳ್ಳಿ ಅಲ್ಲ ಅಂತ ನಾನೂ ಅಂತೀನಿ, ಸಾಕಾ? ವಾಚ್ ಮಾತ್ರ ಕಟ್ಟಬೇಕು" ಎಂದ. ಎಲ್ಲರಿಗೂ ಕೇಳುವಂತೆ ಅಂದ.

ಅಷ್ಟೇ ಆಯಿತು. ಹೆಚ್ಚಾಗಲಿಲ್ಲ.

ಮಲ್ಲೇಶ


ನಾರಾಯಣಪೇಟೆ,
13 ಅಕ್ಟೋಬರ್ 2025

ಮಲ್ಲೇಶ,

ಓದಿ ಹೇಳಿದೆ. ಕಿಷ್ಟಮ್ಮನ ಮಾತನ್ನು ಮೂರು ಸಲ ಓದಿಸಿಕೊಂಡಳು. "ಕೊನೀ ಗಿಡ. ಹೌದು, ಕೊನೀ ಗಿಡದಾಗ ಇದ್ದೆ" ಎಂದಳು. ಆಮೇಲೆ ಎದ್ದು ಹಾಲು ಕಾಯಿಸಿದಳು. ನನ್ನನ್ನು ಏನೂ ಕೇಳಲಿಲ್ಲ.

ಹತ್ತೊಂಬತ್ತಕ್ಕೆ ಬರುತ್ತಾಳೆ. ವಾಚು ಕಟ್ಟುತ್ತಾಳಂತೆ. ವಿಭೂತಿ ಬಿಡುವುದಿಲ್ಲವಂತೆ. ನೀನು ಅಲ್ಲಿದ್ದರೆ ಆ ಗಿಡದ ಕೆಳಗೆ ಕೂರುವುದಿಲ್ಲವಂತೆ. ಅವಳ ಮಾತು ಅದು. ನನ್ನದೂ ಅದೇ. ನಿನ್ನ ನಂಬರು ಇನ್ನೂ ಬ್ಲಾಕಿನಲ್ಲೇ ಇದೆ.

ಒಂದು ಮಾತು ಮಾತ್ರ ಕೇಳಬೇಕಾಗಿದೆ. ನೀನಿಲ್ಲದಿದ್ದರೆ ಅವಳ ವಾಚನ್ನು ಯಾರು ನೋಡುತ್ತಾರೆ? ಮತ್ತೊಬ್ಬ ಬಂದು ಮತ್ತೆ ನೂರು ಎಂದು ಬರೆದರೆ? ಅವಳೇ ನೋಡಿಕೊಳ್ಳುವ ಹಾಗೆ ಬರೆದು ಕಳಿಸು.

ಹರಿತಾ


ಇಟಿಕ್ಯಾಲ,
17 ಅಕ್ಟೋಬರ್ 2025

ಹರಿತಾ,

ಇದು ಅಂಚೆಗೆ ಹೋದರೆ ತಡವಾಗುತ್ತದೆ. ಹಬ್ಬಕ್ಕೆ ನೀನೂ ಅಲ್ಲಿರುತ್ತೀಯೆಂದು, ಮಕ್ತಲ್‌ಗೆ ಹೊರಟಿರುವ ಚನ್ನವೀರಮ್ಮನ ಕೈಯಲ್ಲಿ ಕೊಡುತ್ತಿದ್ದೇನೆ.

ಅವ್ವನಿಗೆ ಹೇಳು: ವಾಚು ಬಿಚ್ಚಿದೊಡನೆ ಬೆನ್ನಿನ ಎರಡು ಚುಕ್ಕೆಗಳನ್ನು ಒಣ ಸೆರಗಿನಿಂದ ಒರೆಸಲಿ. ಒದ್ದೆ ಬಟ್ಟೆ ಬೇಡ. ವಿಭೂತಿ ಹಚ್ಚಿ, ಅದು ಆರಿದ ಮೇಲೆ, ಗೆರೆಗಿಂತ ಒಂದು ಬೆರಳು ಮೇಲೆ ಕಟ್ಟಿಕೊಳ್ಳಲಿ. ಚಾರ್ಜರು ಟಕ್ಕೆಂದು ಕಚ್ಚಬೇಕು, ಜಾರಿದರೆ ಮತ್ತೆ ಒರೆಸಲಿ. ಅಡುಗೆ ಮಾಡುವಷ್ಟು ಹೊತ್ತು ಇಟ್ಟರೆ ಸಾಕು. ಒಲೆಯ ಹತ್ತಿರ ಬೇಡ, ಬಿಸಿಲಿನಲ್ಲಿ ಬೇಡ. ಬೆಳಿಗ್ಗೆ ಕಟ್ಟಿಕೊಳ್ಳುವ ಮುಂಚೆ ಬಲಗಡೆಯ ಗುಂಡಿಯನ್ನು ಒಂದು ಸಲ ಒತ್ತಲಿ. ಮೊದಲ ಅಂಕಿ, ಒಂದರ ಮೇಲೊಂದು ಕೂತ ಎರಡು ಸೊನ್ನೆಗಳ ಹಾಗಿದ್ದರೆ ಅದು ಎಂಟು, ದಿನಕ್ಕೆ ಧಾರಾಳ. ಬರೀ ಎರಡು ಕೋಲು ಕಂಡರೆ ಅದು ಆ ದಿನದ ಹನ್ನೊಂದು; ಏನೂ ಕಾಣದಿದ್ದರೆ ಸತ್ತಿದೆ. ಆಗ ಕಟ್ಟಿಕೊಳ್ಳದೆ ಎಲ್ಲರೆದುರು ಎತ್ತಿ ಹಿಡಿದು ತೋರಿಸಲಿ. ಪುಸ್ತಕದಲ್ಲಿ ಬರೆದವನ ಮಾತು ನಂಬದಿರಲಿ. ಯಾರೇ ಆಗಿರಲಿ.

ಇಪ್ಪತ್ತೇಳನೇ ವಾಚು ಹಾಳಾಗಿಲ್ಲ. ಅವನು ಮೂಲೆಗೆ ಎಸೆದದ್ದನ್ನು ಎತ್ತಿಟ್ಟಿದ್ದೆ. ಕಟ್ಟದೆ ಇಟ್ಟ ವಾಚಿನ ಬ್ಯಾಟರಿ ಪೂರ್ತಿ ಇಳಿದರೆ ಮತ್ತೆ ಏಳುವುದಿಲ್ಲ. ಹಾಗಾಗಿ ಎರಡು ತಿಂಗಳಿಗೊಮ್ಮೆ ಅರ್ಧ ತುಂಬಿಸುತ್ತಿದ್ದೆ. ಒರೆಸಿದ್ದು ಮಾತ್ರ ಚುಕ್ಕೆಗಳನ್ನಷ್ಟೇ. ಹೋದ ವರ್ಷದ ಬೂದಿ ಪಟ್ಟಿಯ ತೂತುಗಳಲ್ಲಿ ಹಾಗೇ ಇತ್ತು. ಈ ಸಂಜೆ ಕಡ್ಡಿಯಿಂದ ಬಿಡಿಸಿ, ನನ್ನ ಅಂಗಿಯ ಚುಂಗಿನಿಂದ ಒರೆಸಿ, ಚಾರ್ಜಿಗೆ ಹಾಕಿ, ತುಂಬುವವರೆಗೆ ಎದುರಿಗೆ ಕುಳಿತಿದ್ದೆ. ಎಂಬತ್ತನಾಲ್ಕಕ್ಕೆ ತೆಗೆದೆ. ಪುಸ್ತಕದಲ್ಲಿ ಎಂಬತ್ತನಾಲ್ಕು ಎಂದೇ ಬರೆದಿದ್ದೇನೆ. ಕಿಷ್ಟಮ್ಮನಿಗೆ ತೋರಿಸಿ, ಒಂದು ಚಾರ್ಜರಿನೊಂದಿಗೆ ಅವಳ ಕೈಗೇ ಕೊಟ್ಟಿದ್ದೇನೆ.

ವಡ್ಡೆಪಲ್ಲಿಗೆ ಬರುವುದಿಲ್ಲ ಎಂದು ಆಂಜನೇಯುಲುಗೆ ಹೇಳಿದೆ. "ಹಂಗಾದ್ರ ಈ ಕಡಿ ಯಾವ ಹೊಲದಾಗೂ ನಿನ್ನ ಕಾಲಿಡಾಕ ಬಿಡಂಗಿಲ್ಲ" ಎಂದ. ದಾಮರಗಿದ್ದ ಕಡೆಯ ಎಂಟು ಜನ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಪುಣೆಗೆ ಹೊರಟಿದ್ದಾರೆ, ಒಂಬತ್ತನೆಯವನಾಗಿ ನನ್ನನ್ನು ಸೇರಿಸಿಕೊಂಡಿದ್ದಾರೆ.

ನಾಳೆ ಬೆಳಿಗ್ಗೆ ಆರೂವರೆಗೆ ಗದ್ವಾಲ್‌ನಿಂದ ರಾಯಚೂರಿನ ಬಸ್ಸಿದೆ. ಅದರಲ್ಲಿ ಹೋಗಿ, ಅಲ್ಲಿಂದ ಪುಣೆಯ ರೈಲು ಹಿಡಿಯುತ್ತೇನೆ.

ಮಲ್ಲೇಶ